ಗುಡ್ಡದ ಸಂದಿನವಳು

ಆನೆಯ ಕಿವಿ ಗೋಡೆ ತುಂಬ ಹರಡಿಕೊಂಡಿದ್ದ ವಾರದಲ್ಲೇ ನನ್ನ ಮದುವೆಯಾಯಿತು. ಈ ವಾರ ಬೇಡ, ಸ್ವಲ್ಪ ಮುಂದಕ್ಕೆ ಹಾಕೋಣ ಎಂದು ಮನೆಯ ಹಿರಿಯರು ಹೇಳಿ ನೋಡಿದ್ದರು. ನಮ್ಮೂರಿಗೆ ಬಂದ ಹೊಸ ಸೊಸೆಯನ್ನು ಹೊಸಿಲು ದಾಟಿಸುವ ಮೊದಲು ನೋಟದ ಮನೆಯ ಗೋಡೆಚಿತ್ರದ ಮುಂದೆ ನಿಲ್ಲಿಸುವುದು ವಾಡಿಕೆ. ಅಷ್ಟು ದೂರದಿಂದ ಬಂದವಳಿಗೆ ಬರೀ ಒಂದು ಕಿವಿ ತೋರಿಸಿ ಒಳಗೆ ಕರೆದುಕೊಳ್ಳುವುದು ಹೇಗೆ ಎಂದು ಅವರಿಗೆ ಸಂಕೋಚ. ಹೆಣ್ಣಿನ ಕಡೆಯವರು ಬೇರೆ ಊರಿನವರು, ಅವರಿಗೆ ಇದರ ಕಷ್ಟ ಅರ್ಥವಾಗಲಿಲ್ಲ. ಕಿವಿಗೂ ಲಗ್ನಕ್ಕೂ ಏನು ಸಂಬಂಧ ಎಂದು ಕೇಳಿದರು.

ಚಿತ್ರದಲ್ಲಿ ಬರೀ ಕಿವಿ ಉಳಿದದ್ದು ಹಿಟ್ಟಿನ ಗಿರಣಿಯ ಹಾಜಿರಾಬಿಯಿಂದ. ಅವಳು ಚಿತ್ರ ನೋಡಿ ಹೇಳುವ ತನ್ನ ಸರದಿಯ ದಿನ ಬದನೆ ಹೂವಿನ ಬಣ್ಣದ ಆ ಆನೆಯನ್ನು ಬಹಳ ಹೊತ್ತು ನೋಡಿ, ಹಿಂಡದೆ ಹಗ್ಗದ ಮೇಲೆ ಹಾಕಿದ ಕಂಬಳಿಯ ಹಾಗೆ ಇದರ ಕಿವಿ ತನ್ನ ಭಾರಕ್ಕೆ ತಾನೇ ಜೋತುಬಿದ್ದಿದೆ ಎಂದುಬಿಟ್ಟಳು. ಆನೆ ತನ್ನ ಬಗ್ಗೆ ಅಷ್ಟು ಸರಿಯಾದ ಮಾತನ್ನು ಅದುವರೆಗೆ ಕೇಳಿರಲಿಲ್ಲವೆಂದು ತೋರುತ್ತದೆ. ಬಂತು, ಬಂತು, ಬರುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ದಂತಗಳು ಚೌಕಟ್ಟಿನ ಆಚೆ ಹೋದವು, ಸಂಜೆಗೆ ಕಣ್ಣೂ ಹೋಯಿತು. ಆಮೇಲೆ ಉಳಿದದ್ದು ಎಡಗಿವಿ ಒಂದೇ.

ಚಿತ್ರ ಇರುವುದು ನೋಟದ ಮನೆಯ ಬಡಗಣ ಗೋಡೆಯಲ್ಲಿ. ಆರು ಮಂಚಗಳನ್ನು ಸಾಲಾಗಿ ಹಾಕಿದಷ್ಟು ಉದ್ದ, ಒಬ್ಬರ ಹೆಗಲ ಮೇಲೊಬ್ಬರು ನಿಂತಷ್ಟು ಎತ್ತರ. ಎಣ್ಣೆಬಣ್ಣದ್ದು, ಬಿಸಿಲೇರಿದಾಗ ಅಗಸೆ ಎಣ್ಣೆಯ ಕಂಪು ಅಂಗಳದವರೆಗೂ ಬರುತ್ತದೆ. ಬರೆದವರು ಯಾರೋ ತಿಳಿಯದು. ಹೆಸರು ಇರಬೇಕಾದ ಮೂಲೆಯಲ್ಲಿ ಒಂದು ಬಸವನಹುಳು ಇದೆ, ಅಷ್ಟೆ. ಆ ಚಿತ್ರದಲ್ಲಿ ಕಡುಬಣ್ಣ ಎಂಬುದಿಲ್ಲ. ಪ್ರತಿ ಬಣ್ಣಕ್ಕೂ ಯಾರೋ ಒಂದೊಂದು ಸೌಟು ಹಾಲು ಬೆರೆಸಿದ ಹಾಗಿದೆ. ಆಕಾಶಕ್ಕೆ ಈರುಳ್ಳಿ ಸಿಪ್ಪೆಯ ಒಳಮೈ ಬಣ್ಣ. ಹಸುವಿಗೆ ನೀಲಿ ಹಾಕಿ ಒಗೆದ ಪಂಚೆಯ ಬಣ್ಣ. ಜಿಂಕೆಗೆ ಚಂದ್ರಸೀಬೆಯ ತಿರುಳಿನ ಕೆಂಪು. ಮರಕ್ಕಿಂತ ದೊಡ್ಡದಾದ ಒಂದು ಹುಂಜ ಮರದ ಮೇಲೆ ಕೂತಿದೆ, ಮರಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಒಬ್ಬ ಮುದುಕ ನಿದ್ದೆಹೋದ ಹುಲಿಯನ್ನು ಶಲ್ಯದ ಹಾಗೆ ಹೆಗಲಿಗೆ ಹಾಕಿಕೊಂಡು ನಡೆಯುತ್ತಾನೆ, ಅದರ ಬಾಲ ಅವನ ಮೊಣಕಾಲಿಗೆ ತಗಲುತ್ತಿರುತ್ತದೆ. ನೆಲದಿಂದ ಮೊಳದೆತ್ತರದಲ್ಲಿ ಒಂದು ಮೀನು ತೇಲುತ್ತದೆ. ಅದರ ಬೆನ್ನ ಮೇಲೆ ಒಬ್ಬ ಹುಡುಗಿ ಬೋರಲು ಮಲಗಿ, ಜಡೆಯನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಾಳೆ. ಯಾರಿಗೂ ಎಲ್ಲಿಗೂ ಅವಸರವಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ಅಮ್ಮ ಅಡುಗೆಮನೆಯಲ್ಲಿ ಓಡಾಡುವ ಸದ್ದು ಕೇಳುತ್ತದಲ್ಲ, ಆ ಹೊತ್ತಿನ ಹಾಗಿದೆ ಆ ಇಡೀ ಬಯಲು.

ಚಿತ್ರದ ಯಾವುದಾದರೂ ಪ್ರಾಣಿಯನ್ನು ನೋಡಿ ನಿಜವಾದ ಒಂದು ಮಾತು ಹೇಳಿದರೆ ಆ ಪ್ರಾಣಿ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಬಾಯಿಗೆ ಬಂದದ್ದು ಹೇಳಿದರೆ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಒಮ್ಮೆ ಹೊರಗಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಬಾಗಿಲಲ್ಲೇ ನಿಂತು ಅದ್ಭುತ, ಅದ್ಭುತ ಎಂದರಂತೆ. ಅವರ ಕಾರು ಊರು ದಾಟುವಷ್ಟರಲ್ಲಿ ಇಡೀ ಹಿಂಡು ಗುಡ್ಡದ ಹಿಂದೆ ಸೇರಿ, ಗೋಡೆಯಲ್ಲಿ ಬರೀ ಹುಲ್ಲು ಉಳಿದಿತ್ತು. ಅವನ್ನು ಒಂದೊಂದಾಗಿ ಮಾತಾಡಿಸಿ ಇಳಿಸಿಕೊಳ್ಳುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಂದಿನಿಂದ ನೋಟದ ಮನೆಯಲ್ಲಿ ಚೆನ್ನಾಗಿದೆ, ಸುಂದರ, ಮನೋಹರ ಎನ್ನುವ ಹಾಗಿಲ್ಲ. ಅದು ಊರೊಳಗೂ ಹಬ್ಬಿತು. ನಮ್ಮಲ್ಲಿ ಊಟ ಚೆನ್ನಾಗಿತ್ತು ಎಂದು ಎದ್ದು ಹೋದ ಅಳಿಯನನ್ನು ಮತ್ತೆ ಹಬ್ಬಕ್ಕೆ ಕರೆಯುವುದು ಅನುಮಾನ. ಸಾರಿನಲ್ಲಿ ಹುಳಿ ಮೊದಲು ಬಂತು, ಇಂಗು ಬಾಗಿಲ ಹಿಂದೆ ನಿಂತಿತ್ತು ಎನ್ನಬೇಕು. ಆಗ ಅತ್ತೆ ಇನ್ನೊಂದು ಸೌಟು ಬಡಿಸುತ್ತಾಳೆ.

ನೋಟಕ್ಕೆ ಇಬ್ಬರು ಬೇಕು. ಒಬ್ಬರು ಹೇಳಲು, ಒಬ್ಬರು ಹೂಂ ಎನ್ನಲು. ಒಬ್ಬರೇ ನಿಂತು ಎಷ್ಟು ಹೇಳಿದರೂ ಚಿತ್ರ ಅಲುಗುವುದಿಲ್ಲ. ಹೇಳುವವರು ಹೇಳುತ್ತಿರುವಾಗ ಹೂಂ ಎನ್ನುವವರನ್ನು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಕೂಡದು. ನಾನು ಮೊದಲಿನಿಂದ ಹೂಂ ಎನ್ನುವ ಕಡೆಯವನು. ನಮ್ಮಪ್ಪ ಸಂಜೆ ದೀಪ ಹಚ್ಚಿ ಕಾವ್ಯ ಓದುತ್ತಿದ್ದರು, ರಾಗ ಮಾಡಿ, ತಡೆದು ತಡೆದು. ಓದಲು ಕೂರುವ ಮುಂಚೆ ಎದುರಿಗೆ ಒಂದು ಖಾಲಿ ಮಣೆ ಹಾಕುತ್ತಿದ್ದರು. ಯಾರಿಗೆ ಎಂದರೆ, ಕೇಳಲು ಬರುವವರಿಗೆ ಎನ್ನುತ್ತಿದ್ದರು. ಯಾರೂ ಬಂದದ್ದು ನಾನು ಕಾಣೆ. ಆ ಮಣೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ನಾನು ಹೂಂಗುಟ್ಟುತ್ತಿದ್ದೆ. ಅರ್ಥವಾಗದ ಪದ್ಯಕ್ಕೆ ಸುಮ್ಮನೆ ಹೂಂ ಎಂದರೆ ಅಪ್ಪನಿಗೆ ತಿಳಿದುಬಿಡುತ್ತಿತ್ತು, ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದರು. ನಾನು ಕಲಿತ ವಿದ್ಯೆ ಅದೊಂದೇ. ಕೇಳುವುದು.

ಹೀಗೆ ಪುಟ್ಟತಾಯಮ್ಮ ಮದುವೆಯ ಸೀರೆಯಲ್ಲೇ ಬಂದು ಕಿವಿಯ ಮುಂದೆ ನಿಂತಳು. ಪಕ್ಕದಲ್ಲಿ ನಾನು. ಹಿಂದೆ ಅರ್ಧ ಊರು, ಎಲ್ಲರ ಮುಖದಲ್ಲೂ ಕ್ಷಮೆ ಕೇಳುವ ಕಳೆ. ನೋಟದ ಮನೆಯ ಕೀಲಿ ನೋಡಿಕೊಳ್ಳುವ ಧರಣೇಂದ್ರಯ್ಯ ಮೆಲ್ಲಗೆ, ಇವತ್ತು ಏನೂ ಹೇಳದಿದ್ದರೂ ನಡೆಯುತ್ತದೆ ತಾಯಿ ಎಂದರು. ಅವಳು ತಲೆಯೆತ್ತಿ ನೋಡುತ್ತಲೇ ಇದ್ದಳು. ಆಮೇಲೆ, ಕಿವಿಯ ಅಂಚಿನಲ್ಲಿ ಒಂದು ಹರುಕಿದೆ, ಬೇಲಿ ದಾಟುವಾಗ ಆದದ್ದು ಎಂದು ಕಾಣುತ್ತದೆ, ಹಳೆಯದು, ಅಂಚು ಮೆತ್ತಗಾಗಿದೆ ಎಂದಳು. ನಾನು ಹೂಂ ಎಂದೆ. ಅದು ನಾನು ಅವಳಿಗೆ ಹೇಳಿದ ಮೊದಲ ಮಾತು. ಅವಳು ತಿರುಗಿ ಒಂದು ಕ್ಷಣ ನನ್ನನ್ನು ನೋಡಿ, ಮತ್ತೆ ಹರುಕಿನ ಮೇಲೆ ಕಣ್ಣು ನೆಟ್ಟಳು.

"ಇದರೊಳಗಿಂದ ಆಚೆ ಕಾಣುತ್ತೆ. ಎರಡು ಗುಡ್ಡ ಇದೆ. ಸಂದಿನಲ್ಲಿ ಯಾರೋ ಹೆಂಗಸು ನಿಂತಿದಾಳೆ, ತಲೆ ಮೇಲೆ ಏನೋ ಹೊತ್ಕೊಂಡು. ಅವಳ್ಯಾರು?"

ಊರಿನವರು ನಕ್ಕರು. ಅದು ಕೊಂಕಿನ ನಗುವಲ್ಲ. ಆ ಪ್ರಶ್ನೆಯನ್ನು ನಾವೆಲ್ಲ ಒಂದು ವಯಸ್ಸಿನಲ್ಲಿ ಕೇಳಿ, ಉತ್ತರ ಸಿಗದೆ ಬಿಟ್ಟವರು. ಗುಡ್ಡದ ಸಂದಿನವಳು ಅಕ್ಕಿಕಾಳಿನಷ್ಟಿದ್ದಳು. ಅಷ್ಟು ದೂರದವಳ ಬಗ್ಗೆ ನೋಡಿ ಹೇಳುವುದಾದರೂ ಏನನ್ನು? ಹೇಳದೆ ಅವಳು ಬರಳು, ಬರದೆ ಹೇಳಲಾಗದು. ತಲೆಯ ಮೇಲಿನದು ಕೊಡ ಎಂದು ಕೆಲವರು, ಹುಲ್ಲಿನ ಹೊರೆ ಎಂದು ಕೆಲವರು. ಬಡಗಿ ಗುಂಡಾಚಾರಿ ಮಾತ್ರ ಅದು ಮಣೆ ಎಂದು ಹಟ ಹಿಡಿದಿದ್ದ. ಅವನು ಮೋಡದಲ್ಲೂ ತೊಲೆ ಕಾಣುವವನು ಎಂದು ಊರು ಅವನನ್ನು ಆಡಿಕೊಳ್ಳುತ್ತಿತ್ತು.

ಮುಂದೆ ಗುರುವಾರದ ನೋಟ ನಮ್ಮ ಮನೆಯ ಪಾಲಿಗೆ ಬಂತು. ಅವಳು ಹೇಳುವುದು, ನಾನು ಹೂಂ ಎನ್ನುವುದು. ನಮ್ಮ ಸಂಸಾರವೂ ಹೆಚ್ಚುಕಡಿಮೆ ಹಾಗೇ ನಡೆಯಿತು. ಅಡುಗೆಮನೆಯಿಂದ ಅವಳು ಮಾತಾಡುವಳು, ಜಗಲಿಯಿಂದ ನಾನು ಹೂಂಗುಟ್ಟುವೆ. ಯಾವ ಹೂಂನಲ್ಲಿ ನಾನು ಮನೆಯಲ್ಲಿದ್ದೇನೆ, ಯಾವುದರಲ್ಲಿ ಇಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ಆಗ ಹೊರಗೆ ಬಂದು, ಸೌಟು ಕೈಯಲ್ಲಿ ಹಿಡಿದುಕೊಂಡೇ, ಈಗ ನಾನೇನು ಹೇಳಿದೆ ಹೇಳಿ ನೋಡೋಣ ಎಂದು ನಿಲ್ಲುವಳು. ಗುರುವಾರಗಳಲ್ಲಿ ಹಾಗಾಗುತ್ತಿರಲಿಲ್ಲ. ಅವಳು ನೀಲಿ ಹಸುವಿನ ಹತ್ತಿರ ನಿಂತು, ಇದು ಮೆಲುಕು ಹಾಕುತ್ತಿಲ್ಲ, ಮೆಲುಕು ಹಾಕಿ ಮುಗಿಸಿ ಇನ್ನೇನು ಎಂದು ಯೋಚಿಸುತ್ತಿದೆ ಎಂದರೆ ಹಸು ಬಂದು ಚೌಕಟ್ಟಿಗೆ ಮೂತಿ ತಾಗಿಸುವುದು. ಹೊತ್ತುಕೊಂಡವನ ಕಾಲು ನಡೆದರೂ ಹುಲಿಯ ನಿದ್ದೆ ನಡೆಯದೆ ನಿಂತಲ್ಲೇ ಇದೆ ಎಂದರೆ ಮುದುಕ ಹೆಜ್ಜೆ ಇನ್ನೂ ಹಗುರ ಮಾಡಿಕೊಂಡು ಬರುವನು. ಗುರುವಾರ ಜನ ಕೆಲಸ ಬಿಟ್ಟು ಬಂದು ಹಿಂದೆ ಕೂರುತ್ತಿದ್ದರು.

ಪ್ರತಿ ಸಲ ಕೊನೆಗೆ ಅವಳು ಒಂದು ಮಾತು ಗುಡ್ಡದ ಸಂದಿನವಳಿಗೆ ಎತ್ತಿಡುತ್ತಿದ್ದಳು. ಕಾಣದ್ದನ್ನು ಹೇಳಲಾಗದು, ಆದ್ದರಿಂದ ಅದು ಊಹೆಯೇ. ನೀರು ತರಲು ಹೋದವಳು ಎಂದು ಒಮ್ಮೆ, ತವರಿಗೆ ಹೊರಟವಳು ಎಂದು ಒಮ್ಮೆ. ಊಹೆ ಚಿತ್ರಕ್ಕೆ ಸೇರುವುದಿಲ್ಲ. ವರ್ಷಗಳು ಉರುಳಿದ ಹಾಗೆ ಅಕ್ಕಿಕಾಳಿನಷ್ಟಿದ್ದವಳು ಸಾಸಿವೆಕಾಳಿನಷ್ಟಾದಳು. ನೀನು ಇಷ್ಟು ಪ್ರೀತಿ ಮಾಡಿದರೆ ಅವಳು ಚೌಕಟ್ಟು ಹಾರಿ ಆಚೆ ಬೀಳುತ್ತಾಳೆ ಎಂದು ಗುಂಡಾಚಾರಿ ಕೀಟಲೆ ಮಾಡುತ್ತಿದ್ದ. ಪುಟ್ಟತಾಯಮ್ಮ ನಗುತ್ತಿದ್ದಳು. ಮನೆಗೆ ಬಂದಮೇಲೆ ಮಾತ್ರ ಒಂದೊಂದು ದಿನ, ಅವಳ ಮುಖ ಒಂದು ಸಲ ನೋಡಬೇಕು ರೀ, ಬೇರೆ ನನಗೇನೂ ಬೇಡ ಎನ್ನುವಳು. ಒಡವೆ ಕೇಳದವಳು, ಯಾತ್ರೆ ಕೇಳದವಳು. ನಾನು ಹೂಂ ಎನ್ನುತ್ತಿದ್ದೆ. ಅದು ನನ್ನ ಕೈಯಲ್ಲಿರುವ ಕೆಲಸವಾಗಿರಲಿಲ್ಲ.

ಆಮೇಲೆ ಅವಳ ಕಣ್ಣಿಗೆ ಮಂಜು ಬಂತು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣದಾಯಿತು, ಆಮೇಲೆ ಸೂಜಿಯ ಕಣ್ಣು, ಆಮೇಲೆ ಬೀದಿಯ ಆಚೆ ಬದಿಯವರ ಮುಖ. ಪಕ್ಕದೂರಿನ ಕಣ್ಣಿನ ವೈದ್ಯರು ದೀಪ ಬಿಟ್ಟು ನೋಡಿ, ಇದು ಕೊಯ್ದು ತೆಗೆಯುವ ಪೊರೆಯಲ್ಲ, ಒಳಗಿನ ನರದ್ದು, ಇರುವುದನ್ನು ಇನ್ನಷ್ಟು ದಿನ ಉಳಿಸಿಕೊಳ್ಳೋಣ ಎಂದು ಹನಿ ಕೊಟ್ಟರು. ದೊಡ್ಡದಾಗಿ, ಹತ್ತಿರದಲ್ಲಿ ಇರುವುದು ಬಣ್ಣಬಣ್ಣವಾಗಿ ಕಾಣುತ್ತಿತ್ತು. ಮಿಕ್ಕದ್ದೆಲ್ಲ ಹಾಲು. ನಿಮ್ಮ ಚಿತ್ರಕ್ಕೆ ಬೆರೆಸಿ ಮಿಕ್ಕಿದ್ದನ್ನ ನನ್ನ ಕಣ್ಣಿಗೆ ಸುರಿದಿದಾರೆ ಎಂದು ಅವಳೇ ತಮಾಷೆ ಮಾಡಿದಳು. ಆದರೆ ಕಾಣದವರು ನೋಟ ಹೇಳುವಂತಿಲ್ಲ ಎಂಬುದು ನಮ್ಮೂರಿನ ಕಟ್ಟು, ಅದು ಅವಳಿಗೆ ಗೊತ್ತಿತ್ತು. ಗುರುವಾರ ಕೈಬಿಟ್ಟರೆ ಸಂದಿನವಳಿಗೆ ಒಂದು ಮಾತು ಎತ್ತಿಡುವವರೂ ಇರುವುದಿಲ್ಲ ಎಂಬುದೂ ಗೊತ್ತಿತ್ತು.

ಅದಕ್ಕೆ ಅವಳೇ ಒಂದು ಉಪಾಯ ಮಾಡಿದಳು. ಗುರುವಾರ ಬೆಳಿಗ್ಗೆ ನಾನು ಹೂವು ಕೊಡುವ ನೆಪದಲ್ಲಿ ನೋಟದ ಮನೆಗೆ ಹೋಗಿ, ಯಾರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ನೋಡಿಕೊಂಡು ಬಂದು ಅವಳಿಗೆ ಹೇಳಬೇಕು. ಅವಳು ಅದನ್ನು ತನ್ನ ಮಾತಿನಲ್ಲಿ ಕಲಸಿ ಮಧ್ಯಾಹ್ನ ಹೇಳುವಳು. ಹುಟ್ಟಿದಂದಿನಿಂದ ಕೇಳಿಕೊಂಡೇ ಬಂದವನು ನಾನು, ಹೇಳಲು ನನಗೆ ಎಲ್ಲಿ ಬರಬೇಕು? ಜಿಂಕೆ ಹೇಗಿತ್ತು ಎಂದು ಅವಳು ಕೇಳಿದರೆ, ಇತ್ತು, ಬೇವಿನ ಮರದ ಎಡಕ್ಕೆ ಇತ್ತು ಎನ್ನುತ್ತಿದ್ದೆ. ಕಿವಿ ಯಾವ ಕಡೆ ತಿರುಗಿತ್ತು ಎಂದರೆ ನೆನಪಿಲ್ಲ. ಅವಳು ಹಣೆ ಹಣೆ ಚಚ್ಚಿಕೊಳ್ಳುವಳು. ಹಾಗೂ ಹೀಗೂ ಮಧ್ಯಾಹ್ನ ಅವಳು ಹೇಳಿದ್ದು ಹಿಂದೆ ಕೂತವರಿಗೆ ಸೊಗಸಾಗಿಯೇ ಕೇಳುತ್ತಿತ್ತು. ಜಿಂಕೆ ಮಾತ್ರ ಮೋಸಹೋಗಲಿಲ್ಲ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಹೇಳುತ್ತಿದ್ದಾರೆಂದು ಅದಕ್ಕೆ ತಿಳಿಯಿತು. ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಹೋಯಿತು. ಮುಂದಿನ ವಾರ ಹಸುವೂ ಹೋಯಿತು. ಅದರ ಮುಂದಿನ ವಾರ ಮೀನು ಬಾಲ ತಿರುಗಿಸಿತು.

ಧರಣೇಂದ್ರಯ್ಯ ಮನೆಗೇ ಬಂದರು. ಮಜ್ಜಿಗೆ ಕುಡಿದರು, ಶುಂಠಿ ತಳದಲ್ಲಿ ಕೂತಿತ್ತು, ಕೊನೆಯ ಗುಟುಕಿಗೆ ಕಾದಿತ್ತು ಎಂದರು. ಲೋಟವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸಿದರು. ಕೊನೆಗೆ ಪುಟ್ಟತಾಯಮ್ಮನೇ, ಮುಂದಿನ ಗುರುವಾರ ನನ್ನ ಕೊನೆಯದು ತಾನೇ, ಹೇಳಿಬಿಡಿ, ಮಜ್ಜಿಗೆ ಇನ್ನೂ ಇದೆ ಎಂದಳು. ಅವರು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ತಲೆ ಆಡಿಸಿದರು. ಅದು ಅವಳಿಗೆ ಕಾಣಲಿಲ್ಲ. ನಾನು ಹೂಂ ಎಂದೆ.

ಆ ಗುರುವಾರ ನೋಟದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿ ನಿಲ್ಲಿಸಿ ಹಾಜಿರಾಬಿ ಬಂದಿದ್ದಳು. ಗುಂಡಾಚಾರಿ ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಬಾಗಿಲ ಬಳಿ ಧರಣೇಂದ್ರಯ್ಯ ನಿಂತಿದ್ದರು. ಕಿಟಕಿಯಿಂದ ಹದವಾದ ಬಿಸಿಲು ಬೀಳುತ್ತಿತ್ತು, ಅಗಸೆ ಎಣ್ಣೆಯ ಕಂಪು ತೆಳ್ಳಗೆ ಏಳುತ್ತಿತ್ತು. ಪ್ರಾಣಿಗಳೆಲ್ಲ ಬಯಲಿನ ನಡುವಿಗೆ ಸರಿದು, ಎಲ್ಲಿಗೋ ಹೊರಟವರ ಹಾಗೆ ಅರ್ಧ ಬೆನ್ನು ಮಾಡಿಕೊಂಡಿದ್ದವು. ಸಾಸಿವೆಕಾಳು ಸಂದಿನಲ್ಲಿ ಇತ್ತು. ನಾನು ಬೆಳಿಗ್ಗೆ ನೋಡಿ ಬಂದು ಹೇಳಿದ್ದನ್ನೆಲ್ಲ ಪುಟ್ಟತಾಯಮ್ಮ ಜ್ಞಾಪಿಸಿಕೊಳ್ಳುತ್ತಿದ್ದಾಳೆಂದು ತಿಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತೇ ಇದ್ದಳು. ಎಂದಿನಂತೆ ಹಸುವಿನಿಂದ ಶುರು ಮಾಡಲಿಲ್ಲ. ಹಿಂದಕ್ಕೆ ಕೈಚಾಚಿ ಬೆಂಚನ್ನು ಹುಡುಕಿ, ಕೂತಳು, ಪಕ್ಕದಲ್ಲಿ ನಾನೂ ಕೂತೆ. ನೋಟ ಹೇಳುವವರು ಕೂತು ಹೇಳಿದ್ದು ಅದೇ ಮೊದಲು.

"ಇಷ್ಟು ವರ್ಷ ನಿಮ್ಮನ್ನ ನೋಡಿ ನೋಡಿ ನಾನೇ ಹೇಳ್ದೆ. ಇವತ್ತು ನನಗೆ ನೀವು ಕಾಣಲ್ಲ. ನಾವು ನಿಮಗೆ ಕಾಣ್ತಾ ಇದ್ದೀವಲ್ಲ, ಹೆಂಗೆ ಕಾಣ್ತೀವಿ ಅಂತ ಹೇಳ್ತೀನಿ. ತಪ್ಪಿದ್ರೆ ಹೋಗ್ಬಿಡಿ."

ಹಾಗೆಂದು ಅವಳು ನಮ್ಮನ್ನು ಹೇಳಲು ತೊಡಗಿದಳು, ಗೋಡೆಯೊಳಗಿನವರು ಅತ್ತ ನಿಂತು ಇತ್ತ ನೋಡಿದರೆ ಹೇಗಿರುತ್ತದೋ ಹಾಗೆ. ನಿಮ್ಮ ಎದುರಿಗೆ ಒಂದು ಬೆಳಕಿನ ಚೌಕ ಇದೆ, ಅದರಲ್ಲಿ ಜನ ಕೂತಿದ್ದಾರೆ ಎಂದಳು. ಬಲಗಡೆ ಒಬ್ಬಳು ಹೆಂಗಸು, ಅವಳ ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಇರುತ್ತದೆ, ನಗು ತಡೆದರೂ ಹುಬ್ಬು ತಡೆಯದೆ ಹಿಟ್ಟು ಉದುರಿ ಅವಳ ಸುತ್ತ ತಿಳಿಹಳದಿಯ ಒಂದು ಮಬ್ಬು ನಿಂತಿರುತ್ತದೆ ಎಂದಳು. ಹಾಜಿರಾಬಿ ತಕ್ಷಣ ಹುಬ್ಬು ಒರೆಸಿಕೊಂಡಳು. ನಾನು ಹೂಂ ಎಂದೆ. ಬೆಂಚಿನ ತುದಿಯಲ್ಲಿ ಒಬ್ಬ ಗಂಡಸು, ಅವನ ಕೈ ಚಕ್ಕೆ ತೆಗೆದ ಹಲಸಿನ ಬಣ್ಣ, ಮಾತು ಬಾಯಿಗೆ ಬರುವ ಮೊದಲು ಹೆಬ್ಬೆರಳು ಒರಟು ಎಲ್ಲಿದೆ ಎಂದು ಕೂತ ಹಲಗೆಯನ್ನು ಸವರುತ್ತದೆ ಎಂದಳು. ಗುಂಡಾಚಾರಿಯ ಹೆಬ್ಬೆರಳು ಸವರುತ್ತಿದ್ದದ್ದು ಅಲ್ಲೇ ನಿಂತಿತು. ಬಾಗಿಲಲ್ಲಿ ಒಬ್ಬರು ಉದ್ದನೆಯವರು, ಕೊಕ್ಕರೆಯ ಹಾಗೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಕೊಡುತ್ತಾ ನಿಂತಿರುತ್ತಾರೆ, ಎಷ್ಟು ಹೊತ್ತು ನಿಂತರೂ ಕೂರುವುದಿಲ್ಲ. ಹೇಳುವವರ ಮಾತು ಕೆಡಬಾರದೆಂದು ಕೀಲಿಗೊಂಚಲನ್ನು, ಹಕ್ಕಿಮರಿಯನ್ನು ಹಿಡಿದ ಹಾಗೆ, ಕೈಯೊಳಗೆ ಮುಚ್ಚಿಟ್ಟುಕೊಂಡಿರುತ್ತಾರೆ. ನಾನು ಇಷ್ಟು ವರ್ಷ ಹೇಳಿದೆ, ಒಂದು ದಿನವೂ ಅದರ ಸದ್ದು ಕೇಳಿಲ್ಲ ಎಂದಳು.

ಆಗ ನಾನು ಗೋಡೆ ನೋಡಿದೆ. ಬೆನ್ನು ಮಾಡಿದ್ದ ಹಸು ತಿರುಗಿತ್ತು. ಮುದುಕ ನಿಂತಿದ್ದ, ಅವನ ಹೆಗಲ ಹುಲಿ ಒಂದು ಕಣ್ಣು ತೆರೆದಿತ್ತು. ಅವುಗಳ ಹಿಂದೆ, ಸಂದಿನಲ್ಲಿ, ಸಾಸಿವೆಕಾಳು ಇರಲಿಲ್ಲ. ಅಕ್ಕಿಕಾಳು ಇತ್ತು. ಇನ್ನೊಮ್ಮೆ ನೋಡುವಷ್ಟರಲ್ಲಿ ಹುಣಿಸೆಬೀಜ. ಅವಳು ಗುಡ್ಡ ಇಳಿಯುತ್ತಿದ್ದಳು.

ಹಿಂದೆ ಕೂತವರೆಲ್ಲ ಕತ್ತು ಉದ್ದ ಮಾಡಿದರು. ಯಾರೂ ಏನೂ ಹೇಳುವಂತಿಲ್ಲ. ಪುಟ್ಟತಾಯಮ್ಮನಿಗೆ ಕಾಣುತ್ತಿಲ್ಲ. ಎದುರಿಗೆ ನಡೆಯುತ್ತಿರುವುದನ್ನೆಲ್ಲ ನಾನು ಒಂದು ಹೂಂನಲ್ಲಿ ಅವಳಿಗೆ ಮುಟ್ಟಿಸಬೇಕಿತ್ತು. ಅಪ್ಪ ಕಲಿಸಿದ ವಿದ್ಯೆಯನ್ನೆಲ್ಲ ಕೂಡಿಸಿಕೊಂಡು ಹೂಂ ಎಂದೆ. ಏನೋ ಆಗಿದೆ ಎಂದು ತಿಳಿಯಿತು ಅವಳಿಗೆ, ಏನು ಎಂದು ಕೇಳಲಿಲ್ಲ. ಮುಂದುವರಿಸಿದಳು.

"ನನ್ನ ಪಕ್ಕದಲ್ಲಿ ಒಬ್ಬರು ಕೂತಿದಾರೆ. ನಮ್ಮನೆಯವರು. ನೆನೆಸಿಟ್ಟ ಹೆಸರುಬೇಳೆ ಬಣ್ಣ. ಹೂಂ ಅನ್ನೋಕೆ ಮುಂಚೆ ಒಂದ್ಸಲ ಉಗುಳು ನುಂಗ್ತಾರೆ. ಅದು ಬೇರೆ ಯಾರಿಗೂ ಕೇಳಲ್ಲ, ನನಗೆ ಕೇಳುತ್ತೆ. ಅದು ಕೇಳಿದ್ಮೇಲೇ ನನಗೆ ಮುಂದಿನ ಮಾತು ಹುಟ್ಟೋದು. ಇಷ್ಟು ದಿನ ನಾನು ಹೇಳ್ದೆ ಅಂತ ಎಲ್ಲಾರೂ ಅಂದ್ಕೊಂಡಿದಾರೆ."

ನಾನು ಉಗುಳು ನುಂಗಿದೆ. ಹೂಂ ಎಂದೆ.

ಸಂದಿನವಳು ಬಯಲು ದಾಟಿ ಬರುತ್ತಿದ್ದಳು. ಆನೆ ಅವಳಿಗೆ ದಾರಿ ಬಿಟ್ಟಿತು. ಮೀನಿನ ಮೇಲಿನ ಹುಡುಗಿ ಜಡೆ ಎತ್ತಿಕೊಂಡಳು, ತುಳಿಯದಿರಲಿ ಎಂದು. ಸಂದಿನವಳು ಗೇಣುದ್ದ ಆದಳು, ಮೊಳದುದ್ದ ಆದಳು, ಆಳೆತ್ತರ ಆದಳು. ಗಿಣಿಹಸಿರಿಗೆ ಹಾಲು ಬೆರೆಸಿದ ಬಣ್ಣದ ಸೀರೆ, ಕಾಲಿಗೆ ಬಯಲಿನ ದೂಳು. ಬಹಳ ದೂರದಿಂದ ನಡೆದವರ ನಡಿಗೆ ಅವಳದು, ಆದರೆ ದಣಿದವರದಲ್ಲ. ಚೌಕಟ್ಟಿನ ಹತ್ತಿರ ಬಂದು ನಿಂತು, ತಲೆಯ ಮೇಲಿದ್ದುದನ್ನು ಎರಡೂ ಕೈಯಿಂದ ಇಳಿಸಿ ಹುಲ್ಲಿನ ಮೇಲೆ ಇಟ್ಟಳು.

"ಮಣೆ," ಎಂದ ಗುಂಡಾಚಾರಿ. ನೋಟದ ನಡುವೆ ಬಾಯಿ ತೆರೆದ ತಪ್ಪಿಗೆ ತಾನೇ ಬಾಯಿ ಮುಚ್ಚಿಕೊಂಡ. ಆದರೆ ಅವನ ಕಣ್ಣು ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿ ನೋಡುತ್ತಿತ್ತು.

ಮಣೆಯೇ. ಊಟದ ಮಣೆಯಂಥದ್ದು, ನಾಲ್ಕು ಗಿಡ್ಡ ಕಾಲಿನದು. ಅವಳು ಅದರ ಮೇಲೆ ಕಾಲು ಮಡಿಸಿ ಕೂತು, ನಮ್ಮ ಕಡೆ ನೋಡುತ್ತಾ, ಕೇಳಿಸಿಕೊಳ್ಳುವವರು ಮುಂದಕ್ಕೆ ಬಾಗುವ ಹಾಗೆ ಬಾಗಿದಳು. ಅಕ್ಕಿಕಾಳಿನಷ್ಟಿದ್ದಾಗಿನಿಂದ ಆ ಮಣೆಯನ್ನು ಹೊತ್ತು ನಿಂತಿದ್ದಳು. ನಾವು ಕೂರಲು ಬೆಂಚು ಹಾಕಿಕೊಂಡಿದ್ದೆವು. ಅವಳಿಗೆ ಬಾ ಎಂದಿದ್ದೆವು, ಇಂಥವಳು ಅಂಥವಳು ಎಂದಿದ್ದೆವು, ಕೂತುಕೋ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅಪ್ಪನ ಸಂಜೆಗಳು ನನ್ನ ಕಣ್ಣಿಗೆ ಕಟ್ಟಿದವು, ದೀಪ, ಚಾಪೆ, ಎದುರಿನ ಆ ಖಾಲಿ ಮಣೆ. ನಾನು ಕೈ ಮುಗಿದೆ.

ಅವಳು ಇನ್ನೂ ಬಾಗಿದಳು. ಮುಖ ದೊಡ್ಡದಾಗುತ್ತಾ ಬಂತು. ಮಣೆ ಮರೆಯಾಯಿತು, ಭುಜಗಳು ಚೌಕಟ್ಟಿನ ಆಚೆ ಹೋದವು. ಗೋಡೆ ತುಂಬ, ಈ ತುದಿಯಿಂದ ಆ ತುದಿಗೆ, ಒಂದು ಮುಖ. ಪುಟ್ಟತಾಯಮ್ಮನ ಮೈಮೇಲೆ ಅದರ ಬಣ್ಣದ ನೆರಳು ಬಿತ್ತು. ಅವಳು ಮಾತು ನಿಲ್ಲಿಸಿದಳು. ಎದ್ದಳು. ಗೋಡೆಯ ಹತ್ತಿರ ಹೋಗಿ ತಲೆ ಎತ್ತಿದಳು, ಮದುವೆಯ ದಿನ ಎತ್ತಿದ ಹಾಗೆಯೇ.

"ಈ ಸಲ ಕಿವಿಯಲ್ಲ, ಅಲ್ವಾ?" ಎಂದಳು ನನ್ನ ಕಡೆ ತಿರುಗದೆ.

ಹೂಂ ಎಂದೆ.

ಅವಳು ನೋಡಿದಳು. ಆ ಕಣ್ಣಿಗೆ ಎಷ್ಟು ಕಾಣಬಹುದೋ ಅಷ್ಟನ್ನೂ ನೋಡಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದಳು, ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ, ಕೆರೆಯ ಏರಿಯ ಮೇಲೆ ನಡೆಯುವವರ ಹಾಗೆ. ನಾವು ಕಾದೆವು. ಅಷ್ಟು ವರ್ಷ ಊಹೆಯಾಗಿಯೇ ಉಳಿದಿದ್ದವಳಿಗೆ ಅವಳು ನೋಡಿ ಹೇಳುವ ಮೊದಲ ಮಾತು ಅದು. ತಪ್ಪಿದರೆ ಆ ಮುಖ ಮತ್ತೆ ಸಾಸಿವೆಯಾಗಿ ಸಂದು ಸೇರುತ್ತದೆ. ಎಡಗೆನ್ನೆಯ ಹತ್ತಿರ ಅವಳು ನಿಂತಳು.

"ಇಲ್ಲೊಂದು ಹಳ್ಳ ಇದೆ. ನಕ್ಕಾಗ ಬೀಳೋದಲ್ಲ. ನಗು ಬರ್ತಾ ಇದೆ ಅಂದಾಗ ಮುಂಚೇನೇ ಬಂದು ಜಾಗ ಹಿಡಿದು ಕೂರುತ್ತಲ್ಲ, ಆ ಹಳ್ಳ."

ಹೂಂ ಎನ್ನಲು ನಾನು ಉಗುಳು ನುಂಗಿದೆ. ಅಷ್ಟರಲ್ಲಿ ಆ ಗೋಡೆಯಗಲದ ಮುಖ, ಹೌದು ಎನ್ನುವ ಹಾಗೆ, ಒಂದು ಸಲ ಮೆಲ್ಲಗೆ ಕೆಳಗೆ ಮೇಲೆ ಆಡಿತು. ಹಳ್ಳದ ಹಿಂದೆಯೇ ನಗು ಬಂತು.

"ಹೂಂ ಅನ್ನೋ ನಿಮ್ಮ ಕೆಲಸಕ್ಕೇ ಬಂದಿದಾಳೆ ನೋಡಿ ಇವಳು," ಎಂದಳು ಪುಟ್ಟತಾಯಮ್ಮ ನನಗೆ. ಹಾಜಿರಾಬಿಯ ಹುಬ್ಬಿನಿಂದ ಹಿಟ್ಟು ಉದುರಿತು. ಆಮೇಲೆ ಇಡೀ ನೋಟದ ಮನೆ ನಕ್ಕ ನಗುವಿಗೆ ಆ ಮುಖದ ಹಿಂದೆಲ್ಲೋ ಮರದ ಮೇಲಿನ ಹುಂಜ ರೆಕ್ಕೆ ಕೊಡವಿಕೊಂಡ ಸದ್ದು ಕೇಳಿಸಿತು.

ಎಲ್ಲರೂ ಹೋದಮೇಲೆ ಧರಣೇಂದ್ರಯ್ಯ ನಮ್ಮ ಹತ್ತಿರ ಬಂದರು. ಕಾಣದವರು ಹೇಳಬಾರದು ಎಂದು ಕಟ್ಟು ಇರುವುದೇನೋ ನಿಜ, ಆದರೆ ಕಾಣಿಸಿಕೊಳ್ಳುವವರು ಹೇಳಬಾರದು ಎಂದು ಎಲ್ಲೂ ಇಲ್ಲ, ಗುರುವಾರ ಹಾಗೇ ಇರಲಿ ಎಂದರು. ಹೇಳುವಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಕೊಟ್ಟರು, ಕೊಟ್ಟದ್ದು ನೆನಪಾಗಿ ನಾಚಿ ಎರಡೂ ಕಾಲು ಊರಿದರು. ಕೀಲಿಗೊಂಚಲು ಸದ್ದು ಮಾಡಲಿಲ್ಲ.

ಆ ವಾರವೆಲ್ಲ ಗುಂಡಾಚಾರಿ ಊರು ಸುತ್ತಿ ಅದು ಯಾವ ಮರದ ಮಣೆ ಎಂದು ವಿವರಿಸಿದ. ಯಾರೂ ಅವನನ್ನು ತಡೆಯಲಿಲ್ಲ. ನಾನು ಅಟ್ಟದಿಂದ ಅಪ್ಪನ ಕಾಲದ ಮಣೆಯನ್ನು ಇಳಿಸಿ, ತೊಳೆದು, ಬಿಸಿಲಿಗೆ ಇಟ್ಟೆ. ಒಂದು ಕಾಲು ಅಲುಗುತ್ತಿತ್ತು, ಗುಂಡಾಚಾರಿ ಸರಿಮಾಡಿಕೊಟ್ಟ. ಮುಂದಿನ ಗುರುವಾರ ಅದನ್ನು ನೋಟದ ಮನೆಗೆ ಕೊಂಡೊಯ್ದು ಗೋಡೆಯ ಬುಡದಲ್ಲಿ, ಪುಟ್ಟತಾಯಮ್ಮ ಕೂರುವ ಬೆಂಚಿನ ಪಕ್ಕಕ್ಕೆ ಹಾಕಿದೆ. ಅವಳು ಬಂದು ಕೂತು, ಆ ವಾರ ಊರಲ್ಲಿ ಆದದ್ದನ್ನು ಗೋಡೆಗೆ ಹೇಳಲು ಶುರುಮಾಡಿದಳು. ಯಾರ ಮನೆಯ ಕರು ಮೊದಲ ಸಲ ನೆಗೆದದ್ದು, ಯಾರ ಮಗು ಯಾವ ಬಣ್ಣದ ಅಂಗಿಗೆ ಹಟ ಮಾಡಿದ್ದು. ವಾರದ ನಡುವೆ ಗುಡ್ಡದ ಸಂದಿಗೆ ಮರಳಿದ್ದವಳು ಅಲ್ಲಿಂದ 'ಬಂದೆ' ಎನ್ನುವ ಹಾಗೆ ಇಳಿದಳು. ಈ ಸಲ ಕೈ ಬೀಸಿಕೊಂಡು ಬಂದಳು, ತಲೆಯ ಮೇಲೆ ಏನೂ ಇರಲಿಲ್ಲ. ನಾವು ಆಗ ಮೊದಲು ಅವಳ ಕೂದಲು ನೋಡಿದ್ದು, ನಡುವೆ ಬೈತಲೆ, ಒಂದು ಪಕ್ಕಕ್ಕೆ ಸ್ವಲ್ಪ ನರೆ.

ಅಂದಿನಿಂದ ಗುರುವಾರಗಳು ಹಾಗೇ ನಡೆದಿವೆ. ಹೊರಗಿನವರು ಯಾರಾದರೂ ಇದನ್ನು ಕೇಳಿದರೆ, ಮಣೆ ತರದೆ ಬಂದರೆ ಅವಳು ಕೂರುವುದು ಎಲ್ಲಿ ಎನ್ನುತ್ತಾರೆ. ಅದೇನು ಪ್ರಶ್ನೆಯೋ. ನಾವು ಮಣೆ ಹಾಕಿರುತ್ತೇವಲ್ಲ. ಅವಳು ಚೌಕಟ್ಟು ದಾಟಿ ಇತ್ತ ಬಂದಾಗ ಪುಟ್ಟತಾಯಮ್ಮ ಒಂದಿಷ್ಟು ಸರಿದು ಜಾಗ ಬಿಡುತ್ತಾಳೆ.